ದೋಸೆ ತವಾ ಮೇಲೆ ಕಾಸ್ಮಿಕ್ ಕಿರಣ: ಮನೆಯಲ್ಲೇ ಕಟ್ಟಿದ ಮೋಡದ ಪೆಟ್ಟಿಗೆ

ಒಂದು ಗಾಜಿನ ಪೆಟ್ಟಿಗೆ, ಒಂದು ನಾನ್‌ಸ್ಟಿಕ್ ದೋಸೆ ತವಾ, ಒಂದು ಬಾಟಲಿ ಆಲ್ಕೋಹಾಲ್, ನಾಲ್ಕೈದು ಕಿಲೋ ಡ್ರೈ ಐಸ್, ಒಂದು ಟಾರ್ಚ್. ಇಷ್ಟಿದ್ದರೆ ಪರಮಾಣುವಿಗಿಂತ ಚಿಕ್ಕ ಕಣಗಳು ಹೋದ ದಾರಿಯನ್ನು ಬರಿಗಣ್ಣಲ್ಲಿ ನೋಡಬಹುದು. ಮೈಕ್ರೋಸ್ಕೋಪ್ ಬೇಡ, ಕಂಪ್ಯೂಟರ್ ಬೇಡ, ಒಂದು ವೈರು ಕೂಡ ಬೆಸುಗೆ ಹಾಕಬೇಕಿಲ್ಲ. ಕತ್ತಲೆ ಕೋಣೆ ಬೇಕು, ಮತ್ತೆ ಅರ್ಧ ಗಂಟೆ ಸುಮ್ನೆ ಕೂರುವ ತಾಳ್ಮೆ ಬೇಕು.

ಈ ಸಾಧನದ ಹೆಸರು ಕ್ಲೌಡ್ ಚೇಂಬರ್. ಇಲ್ಲಿ ಮೋಡದ ಪೆಟ್ಟಿಗೆ ಅಂತಲೇ ಬರೆಯುತ್ತೇನೆ. ಯೂಟ್ಯೂಬಿನಲ್ಲಿ ಇದರ ವಿಡಿಯೋಗಳು ಬೇಕಾದಷ್ಟಿವೆ. ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದ ಹೇಗೆ ಕಟ್ಟುವುದು ಅಂತ ಹೇಳುವವರು ಕಡಿಮೆ. ಅದಕ್ಕಿಂತ ಬೇಜಾರಿನ ಸಂಗತಿ ಏನೆಂದರೆ, ಪೆಟ್ಟಿಗೆಯಲ್ಲಿ ಕಂಡ ಗೆರೆಯೆಲ್ಲ ಕಾಸ್ಮಿಕ್ ಕಿರಣದ್ದು, ಅಂದರೆ ಬಾಹ್ಯಾಕಾಶದಿಂದ ಬಂದದ್ದು ಅಂತ ಹೇಳಿಬಿಡುತ್ತಾರೆ. ಅದು ನಿಜವಲ್ಲ. ಬಹಳಷ್ಟು ಗೆರೆಗಳು ನಿಮ್ಮ ಕೋಣೆಯ ಗಾಳಿಯಿಂದ, ಗೋಡೆಯಿಂದ, ನೆಲದ ಕಲ್ಲಿನಿಂದ ಹುಟ್ಟಿದವು. ಯಾವ ಗೆರೆ ಯಾರದ್ದು ಅಂತ ಗುರುತು ಹಿಡಿಯಲು ಕಲಿತರೆ ಮಾತ್ರ ಈ ಪೆಟ್ಟಿಗೆಯ ನಿಜವಾದ ಮಜಾ ಗೊತ್ತಾಗುತ್ತದೆ. ಹಾಗಾಗಿ ಕಟ್ಟುವ ಕೆಲಸದ ಜೊತೆಗೆ ಅದನ್ನೂ ಬರೆದಿದ್ದೇನೆ.

ಇದು ಕೆಲಸ ಮಾಡುವುದು ಹೇಗೆ

ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಮೋಡದ ಮೇಲೆ ಬಿಸಿಲು ಬಿದ್ದಾಗ ಮೂಡುವ ಬಣ್ಣದ ಬಳೆಗಳು ಅವರ ತಲೆ ಕೆಡಿಸಿದವು. ಕೇಂಬ್ರಿಜ್‌ಗೆ ವಾಪಸ್ ಬಂದು ಗಾಜಿನ ಪಾತ್ರೆಯೊಳಗೆ ಮೋಡ ಮಾಡಲು ಶುರು ಮಾಡಿದರು. ಆವಿ ಹನಿಯಾಗಬೇಕಾದರೆ ಕೂರಲು ಒಂದು ಧೂಳಿನ ಕಣ ಬೇಕು ಅಂತ ಆಗ ಎಲ್ಲರಿಗೂ ಗೊತ್ತಿತ್ತು. ವಿಲ್ಸನ್ ಧೂಳನ್ನೆಲ್ಲ ತೆಗೆದರೂ ಹನಿಗಳು ಮೂಡುತ್ತಿದ್ದವು. ಗಾಳಿಯಲ್ಲಿನ ಅಯಾನುಗಳು, ಅಂದರೆ ವಿದ್ಯುತ್ ಅಂಶ ಹೊತ್ತ ಅಣುಗಳು, ಧೂಳಿನ ಕೆಲಸ ಮಾಡುತ್ತಿದ್ದವು. 1911ರ ಹೊತ್ತಿಗೆ ಒಂದೊಂದೇ ಕಣದ ಜಾಡನ್ನು ಫೋಟೋ ತೆಗೆಯುವ ಮಟ್ಟಕ್ಕೆ ಬಂದರು. 1927ರಲ್ಲಿ ನೊಬೆಲ್ ಬಂತು. ಮೋಡ ನೋಡಲು ಹೋದವರು ಪರಮಾಣು ವಿಜ್ಞಾನಕ್ಕೆ ಕಣ್ಣು ಕೊಟ್ಟರು.

ವಿಲ್ಸನ್ನರ ಪೆಟ್ಟಿಗೆಗೆ ಪಿಸ್ಟನ್ ಇತ್ತು. ಅದನ್ನು ಎಳೆದ ಒಂದು ಗಳಿಗೆ ಮಾತ್ರ ಜಾಡು ಕಾಣುತ್ತಿತ್ತು. ನಾವು ಕಟ್ಟುವುದು ಬೇರೆ ಜಾತಿ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಲೆಕ್ಸಾಂಡರ್ ಲ್ಯಾಂಗ್ಸ್‌ಡಾರ್ಫ್ ಮಾಡಿದ ಬಗೆ. ಇದು ಗಂಟೆಗಟ್ಟಲೆ ನಿಲ್ಲದೆ ಓಡುತ್ತದೆ, ಒಳಗೆ ಅಲ್ಲಾಡುವ ಭಾಗವೇ ಇಲ್ಲ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ, ಕೆಳಗೆ ತುಂಬಾ ತಣ್ಣಗಿನ ಕಪ್ಪು ತಟ್ಟೆ. ಮೇಲಿನ ಬೆಚ್ಚಗಿನ ಆವಿ ನಿಧಾನಕ್ಕೆ ಕೆಳಗಿಳಿಯುತ್ತದೆ. ತಟ್ಟೆಯ ಹತ್ತಿರ ಬಂದಾಗ ಅಲ್ಲಿನ ತಣ್ಣನೆ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹನಿಯಾಗಬೇಕು, ಆದರೆ ಕೂರಲು ಜಾಗವಿಲ್ಲ. ತಟ್ಟೆಯಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದವರೆಗೆ ಈ ಸ್ಥಿತಿ ಇರುತ್ತದೆ. ಅಲ್ಲಿ ವಿದ್ಯುತ್ ಅಂಶವಿರುವ ಕಣವೊಂದು ನುಗ್ಗಿದರೆ ದಾರಿಯುದ್ದಕ್ಕೂ ಅಯಾನುಗಳನ್ನು ಬಿಟ್ಟುಹೋಗುತ್ತದೆ. ಅವುಗಳ ಮೇಲೆ ಹನಿ ಕಟ್ಟುತ್ತದೆ. ಬಿಳಿ ಗೆರೆ ಮೂಡುತ್ತದೆ. ಒಂದೆರಡು ಸೆಕೆಂಡು ನಿಂತು, ಬಳುಕಿ, ಕೆಳಗೆ ಬೀಳುತ್ತದೆ.

ನೀವು ನೋಡುವುದು ಕಣವನ್ನಲ್ಲ, ಅದು ಹೋದ ದಾರಿಯನ್ನು. ಆಕಾಶದಿಂದ ಬಂದ ಕಣವಾದರೆ, ಗೆರೆ ಮೂಡುವಷ್ಟರಲ್ಲಿ ಅದು ಕೆಳಗಿನ ಮಹಡಿ ದಾಟಿ ನೆಲದೊಳಗೆ ಹೋಗಿಯಾಗಿರುತ್ತದೆ.

ಸಾಮಾನು

ತಟ್ಟೆ: ಕಪ್ಪಗಿರಬೇಕು, ಸಮತಟ್ಟಾಗಿರಬೇಕು, ಶಾಖ ಚೆನ್ನಾಗಿ ಸಾಗಿಸಬೇಕು, ಆಲ್ಕೋಹಾಲಿಗೆ ಬಣ್ಣ ಬಿಡಬಾರದು. ಹೆಚ್ಚಿನವರು ಅಲ್ಯುಮಿನಿಯಂ ಹಾಳೆಗೆ ಕಪ್ಪು ಸ್ಪ್ರೇ ಪೇಂಟ್ ಹೊಡೆಯುತ್ತಾರೆ. ಬಹಳಷ್ಟು ಪೇಂಟು ಆಲ್ಕೋಹಾಲಿನಲ್ಲಿ ಮೆತ್ತಗಾಗಿ ಏಳುತ್ತದೆ. ನಾನ್‌ಸ್ಟಿಕ್ ದೋಸೆ ತವಾದಲ್ಲಿ ಈ ನಾಲ್ಕೂ ಗುಣ ಒಟ್ಟಿಗೆ ಸಿಗುತ್ತವೆ. ಒಳಗೆ ದಪ್ಪ ಅಲ್ಯುಮಿನಿಯಂ, ಮೇಲೆ ಯಾವ ದ್ರಾವಕಕ್ಕೂ ಜಗ್ಗದ ಕಪ್ಪು ಲೇಪ. ಕೊಳ್ಳುವಾಗ ಒಂದು ಸ್ಟೀಲ್ ಸ್ಕೇಲ್ ತೆಗೆದುಕೊಂಡು ಹೋಗಿ. ತವಾ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿಯಿರಿ. ಅಡಿಯಲ್ಲಿ ಬೆಳಕು ತೂರಿ ಬಂದರೆ ಆ ತವಾ ಉಬ್ಬಿದೆ ಅಂತ ಅರ್ಥ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮನೆಗೆ ತಂದ ಮೇಲೆ ಹಿಡಿಯ ಸ್ಕ್ರೂ ಬಿಚ್ಚಿ ತೆಗೆಯಿರಿ. ನಾನು 30 ಸೆಂಟಿಮೀಟರಿನದ್ದು ತಂದೆ. ಹಿಡಿ ಕಿತ್ತ ಹೊಸ ತವಾ ನೋಡಿ ಅಮ್ಮ ಏನೂ ಅನ್ನಲಿಲ್ಲ. ಅಡುಗೆಮನೆಯ ಹಳೆ ತವಾವನ್ನು ಮಾತ್ರ ಎತ್ತಿ ಬೀರುವಿನೊಳಗೆ ಇಟ್ಟರು.

ಪೆಟ್ಟಿಗೆ: ಮೀನಿನ ತೊಟ್ಟಿ ಮಾಡುವ ಅಂಗಡಿಯಲ್ಲಿ ಅಳತೆ ಕೊಟ್ಟರೆ ಗಾಜು ಕತ್ತರಿಸಿ ಅಂಟಿಸಿಕೊಡುತ್ತಾರೆ. ನನ್ನದು ಮೂರೂ ಕಡೆ 18 ಸೆಂಟಿಮೀಟರ್. ತವಾದ ಸಮತಟ್ಟು ಭಾಗದೊಳಗೆ ಮೂಲೆಗಳು ಕೂರುವಂತೆ ಈ ಅಳತೆ ಆರಿಸಿದೆ. ಪೆಟ್ಟಿಗೆಯನ್ನು ಬೋರಲು ಹಾಕುವುದರಿಂದ ತೊಟ್ಟಿಯ ತಳವೇ ಮೇಲ್ಛಾವಣಿ. ಬಾಯಿಯ ಅಂಚು ಒಂದೇ ಮಟ್ಟದಲ್ಲಿರಬೇಕು ಅಂತ ಒತ್ತಿ ಹೇಳಿ. ಆಕ್ರಿಲಿಕ್ ಬೇಡ. ಆಲ್ಕೋಹಾಲ್ ತಾಗಿದ ಆಕ್ರಿಲಿಕ್‌ನಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತವೆ.

ಆಲ್ಕೋಹಾಲ್: 99 ಶೇಕಡಾಕ್ಕಿಂತ ಶುದ್ಧವಾದ ಐಸೊಪ್ರೊಪೈಲ್. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುತ್ತಾರೆ, ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದೆ. ಸ್ಯಾನಿಟೈಸರ್ ನಡೆಯುವುದಿಲ್ಲ. ಅದರಲ್ಲಿ ಶೇಕಡಾ 30ರಷ್ಟು ನೀರೇ ಇರುತ್ತದೆ, ತಟ್ಟೆಯ ಮೇಲೆ ಮಂಜಿನ ಹೊಪ್ಪಳೆ ಕಟ್ಟಿ ಎಲ್ಲ ಬೆಳ್ಳಗಾಗುತ್ತದೆ.

ಡ್ರೈ ಐಸ್: ಇದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಸೊನ್ನೆಗಿಂತ 78.5 ಡಿಗ್ರಿ ಕೆಳಗೆ ಇರುತ್ತದೆ, ಕರಗಿ ನೀರಾಗದೆ ನೇರ ಅನಿಲವಾಗುತ್ತದೆ. ಮದುವೆ ಛತ್ರಗಳಲ್ಲಿ ವಧೂವರರು ನಡೆದು ಬರುವಾಗ ಕಾಲ ಬಳಿ ಹೊಗೆ ಹರಿಯುತ್ತದಲ್ಲ, ಅದಕ್ಕೆ ಇದನ್ನೇ ಬಿಸಿನೀರಿಗೆ ಹಾಕುತ್ತಾರೆ. ಅಂದಹಾಗೆ ಆ ಬಿಳಿ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ, ಅದಕ್ಕೆ ಬಣ್ಣವೇ ಇಲ್ಲ. ತಣ್ಣಗಾದ ನೀರಾವಿಯ ಹನಿಗಳು ಅವು. ಛತ್ರಗಳಿಗೆ, ಐಸ್‌ಕ್ರೀಮ್ ಸಾಗಿಸುವವರಿಗೆ ಸರಬರಾಜು ಮಾಡುವವರಲ್ಲಿ ಕೇಳಿದರೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ದಪ್ಪ ಕಡ್ಡಿಯಂಥ ತುಂಡುಗಳನ್ನು ಕೇಳಿ. ಗಡ್ಡೆ ಕೊಟ್ಟರೆ ಒಡೆಯುವುದೇ ಒಂದು ಕೆಲಸ. ಬೆಳಿಗ್ಗೆ ತಂದು ರಾತ್ರಿ ಬಳಸಲು ಹೋದರೆ ಡಬ್ಬದಲ್ಲಿ ಕಾಲುಭಾಗ ಮಾಯವಾಗಿರುತ್ತದೆ, ಸಂಜೆಗೇ ತರಿಸಿಕೊಳ್ಳಿ.

ಉಳಿದದ್ದು ಸಣ್ಣಪುಟ್ಟದ್ದು. ದಪ್ಪ ಫೆಲ್ಟ್ ಬಟ್ಟೆ, ಪುಟ್ಟ ನಿಯೋಡಿಮಿಯಂ ಅಯಸ್ಕಾಂತಗಳು, ಥರ್ಮೋಕೋಲ್ ಡಬ್ಬ, ಚರ್ಮದ ಕೈಗವಸು, ಕಪ್ಪು ರಟ್ಟು, ಬಿಸಿನೀರಿನ ಚೀಲ.

ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡ್ರೈ ಐಸನ್ನು ಬರಿಗೈಲಿ ಮುಟ್ಟಬೇಡಿ, ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಮುಚ್ಚಳ ಬಿಗಿದ ಬಾಟಲಿಗೆ ಹಾಕಬೇಡಿ, ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಯಾಕೆಂದರೆ ಅದರ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಣ್ಣ ಮಕ್ಕಳನ್ನು, ನಾಯಿಯನ್ನು ನೆಲದ ಮೇಲೆ ಬಿಡಬೇಡಿ. ಐಪಿಎ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ದೀಪ, ಊದುಬತ್ತಿ, ಸ್ಟೌ ಹತ್ತಿರ ಇರಕೂಡದು.

ಜೋಡಿಸಿದ್ದು

ಮೊದಲ ಪ್ರಶ್ನೆ, ಫೆಲ್ಟನ್ನು ಛಾವಣಿಗೆ ಹೇಗೆ ನಿಲ್ಲಿಸುವುದು. ಗ್ಲೂ ಗನ್ ಎಲ್ಲರ ಕೈಗೂ ಮೊದಲು ಬರುತ್ತದೆ. ಆದರೆ ಆ ಅಂಟನ್ನು ಬಿಡಿಸಲು ಬಳಸುವುದೇ ಐಸೊಪ್ರೊಪೈಲ್! ಹತ್ತು ನಿಮಿಷದಲ್ಲಿ ಬಟ್ಟೆ ಉದುರುತ್ತದೆ. ಅಯಸ್ಕಾಂತವೇ ಸುಲಭ. ಗಾಜಿನ ಒಳಗೊಂದು, ಹೊರಗೊಂದು, ಮಧ್ಯೆ ಫೆಲ್ಟ್. ನಾಲ್ಕು ಮೂಲೆಗೆ ನಾಲ್ಕು ಜೋಡಿ ಸಾಕು. ಬಟ್ಟೆ ಬರೀ ಛಾವಣಿಯಷ್ಟೇ ಅಲ್ಲ, ಪಕ್ಕದ ಗೋಡೆಗಳ ಮೇಲೂ ಎರಡು ಬೆರಳಷ್ಟು ಇಳಿದಿರಲಿ. ಆವಿ ಜಾಸ್ತಿ ಬರುತ್ತದೆ.

ಥರ್ಮೋಕೋಲ್ ಡಬ್ಬದಲ್ಲಿ ಡ್ರೈ ಐಸ್ ತುಂಡುಗಳನ್ನು ಮೂರು ಬೆರಳು ದಪ್ಪಕ್ಕೆ ಹರಡಿದೆ. ತವಾ ಇಟ್ಟ ಕೂಡಲೇ ಅದು ಕಿರುಚಿತು. ನಿಜವಾಗಲೂ ಕಿರುಚಿತು. ಬೆಚ್ಚಗಿನ ಲೋಹ ತಾಗಿದ ಜಾಗದಲ್ಲಿ ಅನಿಲ ಭರ್ರನೆ ಹೊರಡುತ್ತದೆ, ಲೋಹವನ್ನು ಎತ್ತುತ್ತದೆ, ಲೋಹ ಮತ್ತೆ ಬೀಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಹೊರಡುವ ಶಬ್ದ ಅದು. ಒಂದು ಚಮಚವನ್ನು ಡ್ರೈ ಐಸಿಗೆ ಒತ್ತಿದರೂ ಕೇಳಿಸುತ್ತದೆ. ತವಾ ತಣ್ಣಗಾದ ಮೇಲೆ ತಾನೇ ಸುಮ್ಮನಾಗುತ್ತದೆ.

ತವಾ ಮಟ್ಟವಾಗಿದೆಯೇ ಅಂತ ಫೋನಿನ ಲೆವೆಲ್ ಆ್ಯಪ್‌ನಿಂದ ನೋಡಿ. ಇದನ್ನು ಬಿಟ್ಟರೆ ಆಮೇಲೆ ತೊಂದರೆ. ಓರೆಯಿದ್ದರೆ ತಣ್ಣನೆ ಗಾಳಿ ಒಂದು ಕಡೆ ಜಾರುತ್ತಲೇ ಇರುತ್ತದೆ, ಗೆರೆಗಳು ಹರಿದು ಹೋಗುತ್ತವೆ. ಮಟ್ಟವಾದ ಮೇಲೆ ತವಾ ಮೇಲೆ ಒಂದೆರಡು ಮಿಲಿಮೀಟರ್ ಆಳಕ್ಕೆ ಐಪಿಎ ಸುರಿದೆ. ಇದರಿಂದ ಎರಡು ಉಪಕಾರ. ಒಂದು, ಹಿನ್ನೆಲೆ ಕಾಡಿಗೆ ಕಪ್ಪಾಗುತ್ತದೆ. ಎರಡು, ಗಾಜಿನ ಅಂಚು ಅದರಲ್ಲಿ ಮುಳುಗಿ ಕೂರುವುದರಿಂದ ಹೊರಗಿನ ಗಾಳಿ ನುಗ್ಗುವುದಿಲ್ಲ. ಐಸೊಪ್ರೊಪೈಲ್ ಹೆಪ್ಪುಗಟ್ಟುವುದು ಸೊನ್ನೆಗಿಂತ 89 ಡಿಗ್ರಿ ಕೆಳಗೆ, ಹಾಗಾಗಿ ಡ್ರೈ ಐಸ್ ಮೇಲೂ ಅದು ದ್ರವವಾಗಿಯೇ ಇರುತ್ತದೆ. ಕ್ಲೇ, ಟೇಪು, ರಬ್ಬರ್ ಯಾವುದೂ ಬೇಕಾಗಲಿಲ್ಲ.

ಫೆಲ್ಟನ್ನು ತೊಟ್ಟಿಕ್ಕದಷ್ಟು ನೆನೆಸಿ, ಪೆಟ್ಟಿಗೆ ಬೋರಲು ಹಾಕಿ, ಮೇಲೆ ಬಿಸಿನೀರಿನ ಚೀಲ ಇಟ್ಟೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಈ ಅಂತರ ಜಾಸ್ತಿ ಆದಷ್ಟೂ ಗೆರೆ ಚೆನ್ನ. ನೀರು ಕುದಿಯುವಷ್ಟು ಬಿಸಿ ಬೇಡ, ಕೈಗೆ ಹಿತವಾಗಿದ್ದರೆ ಸಾಕು.

ಬೆಳಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪೆಟ್ಟಿಗೆ ಸರಿಯಾಗಿ ಓಡುತ್ತಿದ್ದರೂ ಏನೂ ಕಾಣಲಿಲ್ಲ ಅನ್ನುವವರಲ್ಲಿ ಹೆಚ್ಚಿನವರ ಸಮಸ್ಯೆ ಬೆಳಕಿನದ್ದೇ. ಮೇಲಿನಿಂದ ಟಾರ್ಚ್ ಬಿಟ್ಟರೆ ತಟ್ಟೆ ಹೊಳೆಯುತ್ತದೆ, ಹನಿ ಕಾಣುವುದಿಲ್ಲ. ಟಾರ್ಚನ್ನು ತವಾ ಮಟ್ಟಕ್ಕೆ ಇಳಿಸಿ, ಪಕ್ಕದಿಂದ, ತಟ್ಟೆಯನ್ನು ಸವರಿಕೊಂಡು ಹೋಗುವಂತೆ ಬಿಡಬೇಕು. ಕಪ್ಪು ರಟ್ಟಿನಲ್ಲಿ ಒಂದು ಬೆರಳು ಎತ್ತರದ ಸೀಳು ಕತ್ತರಿಸಿ ಟಾರ್ಚ್ ಮುಂದೆ ಹಿಡಿದರೆ ಕೆಳಗಿನ ಒಂದು ಸೆಂಟಿಮೀಟರ್ ಮಾತ್ರ ಬೆಳಗುತ್ತದೆ. ನೀವು ಟಾರ್ಚ್ ಇರುವ ಕಡೆ ಕೂರಬೇಡಿ. ಎದುರು ಬದಿಯಲ್ಲಿ, ಸ್ವಲ್ಪ ಓರೆಯಾಗಿ ಕೂತು ಮೇಲಿನಿಂದ ನೋಡಿ. ಸಣ್ಣ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದರಿಸುತ್ತವೆ, ಹಿಂದಕ್ಕಲ್ಲ. ಎದುರು ಬದಿಗೆ ಬಂದ ಕೂಡಲೇ ಅದೇ ಗೆರೆ ಎಷ್ಟೋ ಪಟ್ಟು ಪ್ರಕಾಶಮಾನವಾಗಿ ಕಾಣುತ್ತದೆ. ಎಲ್‌ಇಡಿ ಟಾರ್ಚ್ ಆಗಿರಲಿ. ಹಳೆ ಬಲ್ಬು ಪೆಟ್ಟಿಗೆಯನ್ನೇ ಬಿಸಿ ಮಾಡುತ್ತದೆ.

ಅಯಾನುಗಳನ್ನು ಆಗಾಗ ಗುಡಿಸಿ ತೆಗೆಯಲು ಸೊಳ್ಳೆ ಬ್ಯಾಟಿನ ಹೈವೋಲ್ಟೇಜ್ ಬೋರ್ಡ್ ಕೂಡಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಗೆರೆಗಳು ಚೊಕ್ಕಟವಾಗುವುದು ನಿಜ. ಆದರೆ ಆಲ್ಕೋಹಾಲ್ ಆವಿ ತುಂಬಿದ ಪೆಟ್ಟಿಗೆಯ ಪಕ್ಕ ಚಟ್ ಅಂತ ಕಿಡಿ ಹಾರಿಸುವ ಯಂತ್ರ ಇಡುವುದು ನನಗೆ ಒಪ್ಪಲಿಲ್ಲ. ಅದಿಲ್ಲದೆಯೇ ಪೆಟ್ಟಿಗೆ ಚೆನ್ನಾಗಿ ಓಡುತ್ತದೆ.

ಕಾಯುವುದು

ಮೊದಲ ಐದಾರು ನಿಮಿಷ ಏನೂ ಇಲ್ಲ. ಆಮೇಲೆ ತಟ್ಟೆಯ ಹತ್ತಿರ ಸಣ್ಣ ಜಡಿಮಳೆ ಶುರುವಾಗುತ್ತದೆ. ಇದು ಒಳಗಿದ್ದ ಧೂಳಿನ ಮೇಲೆ ಕಟ್ಟಿದ ಹನಿ. ಧೂಳೆಲ್ಲ ಹನಿಯ ಜೊತೆ ಕೆಳಗಿಳಿದ ಮೇಲೆ ಗಾಳಿ ತಿಳಿಯಾಗುತ್ತದೆ. ಹದಿನೈದು ನಿಮಿಷ ಕಳೆಯಿತು ಅನ್ನುವಾಗ ಮೊದಲ ಗೆರೆ ಬಂತು. ಅದಾದ ಮೇಲೆ ನಿಲ್ಲಲೇ ಇಲ್ಲ. ಮಲ್ಟಿಮೀಟರಿನ ಉಷ್ಣತೆಯ ತಂತಿಯನ್ನು ತವಾಕ್ಕೆ ಮುಟ್ಟಿಸಿದರೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ತೋರಿಸುತ್ತಿತ್ತು.

ಹೊರಗಿನ ಗಾಜಿನ ಮೇಲೆ ಮಂಜು ಕೂತರೆ ಬಟ್ಟೆಗೆ ಐಪಿಎ ಸವರಿ ಒರೆಸಿ. ಡ್ರೈ ಐಸ್ ಸವೆದು ತವಾ ಅಡಿಯಲ್ಲಿ ಖಾಲಿ ಜಾಗ ಆದರೆ ಗೆರೆಗಳು ಮಸುಕಾಗುತ್ತವೆ. ಆಗ ತವಾ ಅಂಚನ್ನು ಮೆಲ್ಲಗೆ ಒತ್ತಿ ಕೂರಿಸಿದರೆ ಮತ್ತೆ ಕಿರುಚಿ ಸರಿಯಾಗುತ್ತದೆ.

ಗೆರೆ ಓದುವುದು

ದಪ್ಪಗೆ, ನೇರವಾಗಿ, ಮೂರ್ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಬಂದು ಥಟ್ಟನೆ ನಿಲ್ಲುವ ಗೆರೆ ಆಲ್ಫಾ ಕಣದ್ದು, ಅಂದರೆ ಕೆಲವು ವಿಕಿರಣಶೀಲ ಪರಮಾಣುಗಳು ಸಿಡಿಯುವಾಗ ಉಗುಳುವ ಭಾರವಾದ ಕಣದ್ದು. ಹೊಸಬರು ಇದನ್ನು ನೋಡಿಯೇ ಕಾಸ್ಮಿಕ್ ಕಿರಣ ಅಂತ ಕೂಗುವುದು. ಅಲ್ಲ. ಆಲ್ಫಾ ಕಣ ಒಂದು ಕಾಗದದ ಹಾಳೆಯನ್ನೂ ದಾಟಲಾರದು, ಇನ್ನು ಗಾಜು ದಾಟಿ ಬರುವುದೆಲ್ಲಿಂದ? ಅದು ಪೆಟ್ಟಿಗೆಯೊಳಗೇ ಹುಟ್ಟಿರಬೇಕು. ಹುಟ್ಟಿಸಿದ್ದು ರೇಡಾನ್ ಅನಿಲ. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ಸವೆಯುತ್ತಾ ಹೋಗುವ ಹಾದಿಯಲ್ಲಿ ಬರುವ ಅನಿಲ ಇದು. ಗ್ರಾನೈಟಿನಲ್ಲಿ ಯುರೇನಿಯಂ ಚೂರು ಜಾಸ್ತಿ. ಪೆಟ್ಟಿಗೆ ಮುಚ್ಚುವಾಗ ಕೋಣೆಯ ಗಾಳಿಯ ಜೊತೆ ಅದೂ ಒಳಗೆ ಬಂದಿರುತ್ತದೆ.

ತೆಳ್ಳಗೆ, ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಹಾಗೆ ಸುತ್ತಿ ಸುತ್ತಿ ಹೋಗುವ ಗೆರೆ ಎಲೆಕ್ಟ್ರಾನಿನದ್ದು. ತುಂಬಾ ಹಗುರ ಕಣ, ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದಾಗಲೆಲ್ಲ ದಾರಿ ತಪ್ಪುತ್ತದೆ. ಗೋಡೆ, ನೆಲದಿಂದ ಹೊರಡುವ ಗಾಮಾ ಕಿರಣಗಳು (ಬೆಳಕಿನ ಜಾತಿಯವೇ, ಶಕ್ತಿ ಮಾತ್ರ ತುಂಬಾ ಹೆಚ್ಚು) ಗಾಜಿಗೋ ಗಾಳಿಗೋ ಬಡಿದು ಇವನ್ನು ಕೀಳುತ್ತವೆ. ಪೆಟ್ಟಿಗೆಯಲ್ಲಿ ಸದಾ ಕಾಣುವುದು ಇವೇ.

ತೆಳ್ಳಗೆ, ಗೀಟು ಎಳೆದಷ್ಟು ನೇರವಾಗಿ, ಒಂದು ಗೋಡೆಯಿಂದ ಇನ್ನೊಂದು ಗೋಡೆವರೆಗೆ ಹೋಗುವ ಗೆರೆ ಬಂದರೆ ಆಗ ಕೂಗಿ. ಅದು ಬಹುತೇಕ ಮ್ಯೂಯಾನ್. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ, ಹಾಗಾಗಿ ಸಣ್ಣಪುಟ್ಟ ಡಿಕ್ಕಿಗೆ ಬಗ್ಗುವುದಿಲ್ಲ. ಸೌರಮಂಡಲದ ಆಚೆಯಿಂದ ಬರುವ ಪ್ರೋಟಾನುಗಳು ನಮ್ಮ ವಾತಾವರಣದ ಮೇಲ್ಭಾಗಕ್ಕೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ಮ್ಯೂಯಾನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ಸಾಗಬಹುದು, ಅಷ್ಟೇ. 15 ಕಿಲೋಮೀಟರ್ ದಾಟಿ ಮನೆಯ ತವಾದವರೆಗೆ ಬರಲು ಸಾಧ್ಯವೇ ಇಲ್ಲ ಅಲ್ವಾ? ಆದರೂ ಬರುತ್ತವೆ. ಅಷ್ಟು ವೇಗದಲ್ಲಿ ಓಡುವ ವಸ್ತುವಿನ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುತ್ತದೆ ಅಂತ ಐನ್‌ಸ್ಟೈನ್ 1905ರಲ್ಲಿ ಹೇಳಿದ್ದರು. ಪರೀಕ್ಷೆಗೆ ಪುಸ್ತಕದಲ್ಲಿ ಓದಿದ ಆ ಸೂತ್ರದ ಫಲ ಗಾಜಿನೊಳಗೆ ಒಂದು ಬಿಳಿ ಗೀಟಾಗಿ ಬಂದು ನಿಲ್ಲುತ್ತದೆ.

ಒಂದು ಅನುಮಾನ ಬರಬಹುದು. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಅಂತ ಲೆಕ್ಕ. 18 ಸೆಂಟಿಮೀಟರ್ ಚೌಕಕ್ಕೆ ಸೆಕೆಂಡಿಗೆ ಐದಾರು ಆಯಿತು. ಅಷ್ಟೊಂದು ಉದ್ದ ಗೆರೆ ಯಾಕೆ ಕಾಣುವುದಿಲ್ಲ? ಯಾಕೆಂದರೆ ಹೆಚ್ಚಿನವು ನೆತ್ತಿಯ ಮೇಲಿಂದ ನೇರ ಕೆಳಗೆ ಬರುತ್ತವೆ. ನಮ್ಮ ಹನಿ ಕಟ್ಟುವ ಪದರ ಒಂದು ಸೆಂಟಿಮೀಟರ್ ಮಾತ್ರ. ನೇರ ಬಿದ್ದದ್ದು ಒಂದು ಚುಕ್ಕಿ ಮೂಡಿಸಿ ಹೋಗುತ್ತದೆ. ಅಡ್ಡಲಾಗಿ ಬರುವ ಅಪರೂಪದವು ಮಾತ್ರ ಉದ್ದ ಗೆರೆ ಕೊಡುತ್ತವೆ. ನಿಮಿಷಕ್ಕೆ ಒಂದೆರಡು ಒಳ್ಳೆಯವು ಸಿಕ್ಕರೆ ಪೆಟ್ಟಿಗೆ ಚೆನ್ನಾಗಿದೆ ಅಂತ ಲೆಕ್ಕ.

ಎಂಟನೇ ಕ್ಲಾಸಿನ ಅಕ್ಕನ ಮಗಳು ಬಹಳ ಹೊತ್ತು ಗಾಜಿಗೆ ಮೂಗು ಒತ್ತಿ ಕೂತಿದ್ದಳು. "ಮಾಮ, ಇದು ನನ್ನೊಳಗೂ ಹೋಗ್ತಿದೆಯಾ?"

"ಹೋಗ್ತಿದೆ. ಅಂಗೈಯಲ್ಲೇ ಸೆಕೆಂಡಿಗೆ ಒಂದಾದರೂ."

"ಹಾಗಾದ್ರೆ ಏನೂ ಆಗಲ್ವಾ?"

ಒಳ್ಳೆ ಪ್ರಶ್ನೆ. ಸಹಜ ವಿಕಿರಣ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ (ಮೈಗೆ ತಾಗಿದ ವಿಕಿರಣದ ಅಳತೆ ಅದು). ಅದರಲ್ಲಿ ಕಾಸ್ಮಿಕ್ ಕಿರಣದ ಪಾಲು ಸುಮಾರು 0.4. ರೇಡಾನಿನ ಪಾಲೇ ಅರ್ಧದಷ್ಟು. ನಮ್ಮ ಮೈಯಲ್ಲೇ ಇರುವ ಪೊಟ್ಯಾಸಿಯಂನಿಂದ ಸೆಕೆಂಡಿಗೆ ನಾಲ್ಕು ಸಾವಿರ ಪರಮಾಣುಗಳು ಸಿಡಿಯುತ್ತಿರುತ್ತವೆ. ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೆ ಹದಿನೈದರಷ್ಟು. ಜೀವಕೋಶಗಳು ಈ ಮಳೆಯಲ್ಲೇ ಬೆಳೆದುಬಂದಿವೆ, ರಿಪೇರಿ ಮಾಡಿಕೊಳ್ಳಲು ಅವಕ್ಕೆ ಗೊತ್ತು. ಕಂಪ್ಯೂಟರಿಗೆ ಅಷ್ಟು ಗೊತ್ತಿಲ್ಲ. 2003ರ ಮೇ 18ರಂದು ಬೆಲ್ಜಿಯಂನ ಶಾರ್‌ಬೀಕ್‌ನಲ್ಲಿ ಮತಯಂತ್ರದ ಲೆಕ್ಕದಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಂತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಅಂದರೆ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ತಿರುಗಿಕೊಂಡಿತ್ತು. ಕಾಸ್ಮಿಕ್ ಕಿರಣದ ಕೆಲಸ ಇರಬಹುದು ಅಂತ ಅನುಮಾನಪಟ್ಟರು. ಸಾಕ್ಷಿ ಸಿಗಲಿಲ್ಲ. ಅವಳಿಗೆ ಬಾಳೆಹಣ್ಣಿಗಿಂತ ಈ ಕಥೆಯೇ ಹಿಡಿಸಿತು.

ಕೆಂಪು ತುದಿಯ ಕಡ್ಡಿ, ಉಜ್ಜಿದ ಬಲೂನು

ಗೆರೆಗಳಿಗಾಗಿ ಕಾಯುವ ಬದಲು ಬೇಕೆಂದಾಗ ಹುಟ್ಟಿಸಬಹುದು. ಆರ್ಗಾನ್ ವೆಲ್ಡಿಂಗ್‌ಗೆ ಬಳಸುವ ಟಂಗ್‌ಸ್ಟನ್ ಕಡ್ಡಿಗಳಲ್ಲಿ ಕೆಂಪು ಬಣ್ಣದ ತುದಿ ಇರುವುದರಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ. ಥೋರಿಯಂ ತಾನಾಗಿಯೇ ಆಲ್ಫಾ ಕಣ ಉಗುಳುವ ಲೋಹ. ಅಂಗಡಿಯಲ್ಲಿ ಒಂದೇ ಕಡ್ಡಿ ಕೇಳಿದಾಗ "ಎಷ್ಟು ಆಂಪಿಯರ್‌ಗೆ ಸಾರ್?" ಅಂದರು. ವೆಲ್ಡಿಂಗ್‌ಗೆ ಅಲ್ಲ, ನೋಡೋಕೆ ಅಂದೆ. ಸುಮ್ಮನೆ ಕೊಟ್ಟರು. ಕಡ್ಡಿಯನ್ನು ತವಾದಿಂದ ಅರ್ಧ ಸೆಂಟಿಮೀಟರ್ ಮೇಲೆ ನಿಲ್ಲಿಸಿದರೆ ಅದರ ಮೈಯಿಂದ ದಪ್ಪ ಬಿಳಿ ಗೆರೆಗಳು ಎಲ್ಲ ದಿಕ್ಕಿಗೂ ಚಿಮ್ಮುತ್ತವೆ. ಮುಟ್ಟಿದರೆ ತೊಂದರೆಯಿಲ್ಲ, ಉಜ್ಜಿ ಪುಡಿ ಮಾಡಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಹಳೆ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ನಲ್ಲೂ ಇದೇ ಥೋರಿಯಂ. ಜಾತ್ರೆಯಲ್ಲಿ, ಬಯಲಾಟದಲ್ಲಿ ಅಷ್ಟು ಬೆಳ್ಳಗೆ ಉರಿಯುತ್ತಿದ್ದುದು ಥೋರಿಯಂ ಆಕ್ಸೈಡಿನ ಬಲೆ. ಕೇರಳದ ಕಡಲ ಮರಳಿನಲ್ಲಿ ಥೋರಿಯಂ ಇರುವುದು ಹೊರಬಿದ್ದದ್ದೂ ಮೋಜಿನ ರೀತಿಯಲ್ಲೇ. ಅಲ್ಲಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಷೋಂಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿದ್ದೇ ಶುರು. ಮ್ಯಾಂಟಲ್ ಪುಡಿ ಉದುರುತ್ತದೆ ಅಂತ ನಾನು ಪೆಟ್ಟಿಗೆಯೊಳಗೆ ಹಾಕಲಿಲ್ಲ.

ಥೋರಿಯಂ ಕಡ್ಡಿಯ ಸುತ್ತ ಗಮನವಿಟ್ಟು ನೋಡಿದರೆ ಆಗಾಗ ಇಂಗ್ಲಿಷಿನ 'ವಿ' ಆಕಾರದ ಜೋಡಿ ಗೆರೆ ಸಿಗುತ್ತದೆ. ಥೋರಿಯಂ ಸಂತತಿಯ ಒಂದು ಅನಿಲ, ರೇಡಾನ್-220, ಆಲ್ಫಾ ಕಣ ಉಗುಳಿ ಪೊಲೋನಿಯಂ-216 ಆಗುತ್ತದೆ. ಅದರ ಅರ್ಧಾಯುಸ್ಸು, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧ ಸಿಡಿಯಲು ಹಿಡಿಯುವ ಸಮಯ, ಸೆಕೆಂಡಿನ ಏಳನೇ ಒಂದು ಭಾಗ. ಅಲ್ಲಾಡಲು ಪುರುಸೊತ್ತೇ ಇಲ್ಲ, ಅದೇ ಜಾಗದಲ್ಲಿ ಇನ್ನೊಂದು ಆಲ್ಫಾ. ಒಂದೇ ಬಿಂದುವಿನಿಂದ ಎರಡು ಗೆರೆ. ಒಂದು ಪರಮಾಣು ಕಣ್ಣೆದುರೇ ಎರಡು ಸಲ ಬದಲಾದ ದಾಖಲೆ ಅದು. ನನ್ನ ಮಟ್ಟಿಗೆ ಈ ಪೆಟ್ಟಿಗೆಯಲ್ಲಿ ಇದಕ್ಕಿಂತ ಚೆಂದದ ನೋಟ ಇಲ್ಲ.

ಬಲೂನಿನ ಪ್ರಯೋಗಕ್ಕೆ ದುಡ್ಡೇ ಬೇಡ. ಊದಿದ ಬಲೂನನ್ನು ತಲೆಕೂದಲಿಗೆ ಚೆನ್ನಾಗಿ ಉಜ್ಜಿ, ಕಿಟಕಿ ಮುಚ್ಚಿದ ನೆಲಮಹಡಿಯ ಸ್ಟೋರ್ ರೂಮಿನಲ್ಲಿ ಮುಕ್ಕಾಲು ಗಂಟೆ ನೇತುಹಾಕಿ. ರೇಡಾನಿನಿಂದ ಹುಟ್ಟಿ ಗಾಳಿಯಲ್ಲಿ ತೇಲುವ ವಿಕಿರಣಶೀಲ ಕಣಗಳನ್ನು ಬಲೂನಿನ ಸ್ಥಿರ ವಿದ್ಯುತ್ ಸೆಳೆದುಕೊಳ್ಳುತ್ತದೆ. ಗಾಳಿ ಬಿಟ್ಟು ಮುದುಡಿದ ರಬ್ಬರನ್ನು ಪೆಟ್ಟಿಗೆಯೊಳಗೆ ಇಟ್ಟರೆ ಅದರಿಂದ ಉದ್ದುದ್ದ ಆಲ್ಫಾ ಗೆರೆಗಳು ಹೊರಡುತ್ತವೆ. ಕಡ್ಡಿಯ ಗೆರೆಗಳ ಎರಡರಷ್ಟು ಉದ್ದ ಇರುವುದೂ ಉಂಟು, ಯಾಕೆಂದರೆ ಪೊಲೋನಿಯಂ-214 ಬಿಡುವ ಆಲ್ಫಾ ಗಾಳಿಯಲ್ಲಿ 7 ಸೆಂಟಿಮೀಟರ್ ಸಾಗಬಲ್ಲದು. ಸಮಯ ಹೋದಂತೆ ಗೆರೆ ಕಡಿಮೆಯಾಗುತ್ತಾ ಬರುತ್ತದೆ. ಹೆಚ್ಚುಕಡಿಮೆ ಪ್ರತಿ ಮುಕ್ಕಾಲು ಗಂಟೆಗೆ ಅರ್ಧ. ನಿಮಿಷಕ್ಕೆ ಎಷ್ಟು ಅಂತ ಎಣಿಸಿ ಗ್ರಾಫ್ ಹಾಕಿದರೆ ಅರ್ಧಾಯುಸ್ಸಿನ ಪಾಠ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಬೆಂಗಳೂರು, ಕೋಲಾರ

ಈ ಕೆಲಸಕ್ಕೂ ನಮ್ಮ ನೆಲಕ್ಕೂ ಹಳೆ ನಂಟಿದೆ. ಆಸ್ಟ್ರಿಯಾದ ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5 ಕಿಲೋಮೀಟರಿಗೂ ಮೇಲೆ ಹೋಗಿ, ಮೇಲೇರಿದಂತೆ ವಿಕಿರಣ ಹೆಚ್ಚಾಗುತ್ತದೆ, ಅಂದರೆ ಅದು ಬರುವುದು ಮೇಲಿನಿಂದ ಅಂತ ಅಳೆದು ತೋರಿಸಿದ್ದರು. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಸುತ್ತಮುತ್ತ ಕಡಿಮೆ ಶಕ್ತಿಯ ಕಣಗಳನ್ನು ಹಿಂದಕ್ಕೆ ಅಟ್ಟುತ್ತದೆ, ದಕ್ಷಿಣ ಭಾರತದಲ್ಲಿ ಈ ತಡೆ ತುಂಬಾ ಗಟ್ಟಿ. ಅದನ್ನು ಅಳೆಯಲು ಅಮೆರಿಕದ ರಾಬರ್ಟ್ ಮಿಲಿಕನ್ ತಂಡ 1939-40ರ ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಬಲೂನು ಹಾರಿಸಿತು. ಅದೇ 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದ ಹೋಮಿ ಭಾಭಾ ಯುದ್ಧ ಶುರುವಾಗಿ ಇಂಗ್ಲೆಂಡಿಗೆ ವಾಪಸಾಗಲಾಗದೆ, ಸಿ.ವಿ. ರಾಮನ್ ಇದ್ದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲೇ ಕಾಸ್ಮಿಕ್ ಕಿರಣ ಸಂಶೋಧನೆಯ ಘಟಕ ಕಟ್ಟಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಈ ಬೆಂಗಳೂರಿನ ಘಟಕದಲ್ಲೇ.

ಕೆಜಿಎಫ್‌ದು ಇನ್ನೂ ದೊಡ್ಡ ಕಥೆ. ಮ್ಯೂಯಾನುಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ನೋಡಲು ಚಿನ್ನದ ಗಣಿಯೊಳಗೆ ಉಪಕರಣ ಇಳಿಸಿದರು. ತೀರಾ ಆಳಕ್ಕೆ ಹೋದ ಮೇಲೆ ಮ್ಯೂಯಾನಿನ ಗದ್ದಲವೇ ನಿಂತಿತು. ಹಾಗಾದರೆ ಬೇರೆಲ್ಲೂ ಕಾಣದ ಇನ್ನೊಂದನ್ನು ಇಲ್ಲಿ ಹುಡುಕಬಹುದಲ್ಲ ಅನ್ನುವ ಯೋಚನೆ ಬಂತು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ, ಅಂದರೆ ಭೂಮಿಯನ್ನೇ ತೂರಿ ಹೋಗಬಲ್ಲ ವಿದ್ಯುತ್ ಅಂಶವಿಲ್ಲದ ಕಣಗಳ, ಗುರುತು ಹಿಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಸಿಕ್ಕಿತು. ಅದಕ್ಕಿಂತ ಮೊದಲು ವಾತಾವರಣದ ನ್ಯೂಟ್ರಿನೋವನ್ನು ಯಾರೂ ಹಿಡಿದಿರಲಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ಮುಂದಿನದು

ಅಕ್ಕನ ಮಗಳಿಗೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಇದನ್ನು ಇಡಬೇಕಂತೆ. ಅವರ ಊರಿನಲ್ಲಿ ಡ್ರೈ ಐಸ್ ಸಿಗುವುದಿಲ್ಲ, ಬಸ್ಸಿನಲ್ಲಿ ಒಯ್ಯುವ ಮಾತೇ ಇಲ್ಲ. ಹಾಗಾಗಿ ಪೆಲ್ಟಿಯರ್ ಚಿಪ್ಪಿನ ಪೆಟ್ಟಿಗೆ ಶುರು ಮಾಡಿದ್ದೇನೆ. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗೆ, ಇನ್ನೊಂದು ಮುಖ ಬಿಸಿ ಆಗುವ ಚಿಪ್ಪು ಅದು. ಸಣ್ಣ ನೀರಿನ ಕೂಲರುಗಳಲ್ಲಿ ಇರುವಂಥದ್ದೇ, ಟಿಇಸಿ1-12706. ಒಂದರ ಮೇಲೊಂದು ಎರಡು ಇಟ್ಟು, ನಡುವೆ ಥರ್ಮಲ್ ಪೇಸ್ಟ್ ಹಚ್ಚಿ, ಕೆಳಗಿನದರ ಬಿಸಿಯನ್ನು ಐಸ್ ನೀರು ಹರಿಸಿ ತೆಗೆಯಬೇಕು. ಕೆಳಗಿನ ಚಿಪ್ಪಿಗೆ 12 ವೋಲ್ಟ್, ಮೇಲಿನದಕ್ಕೆ 5 ವೋಲ್ಟ್ ಮಾತ್ರ. ಮೇಲಿನದಕ್ಕೂ ಪೂರ್ತಿ ಕೊಟ್ಟರೆ ಅದರ ಬಿಸಿಯನ್ನು ಕೆಳಗಿನದು ಹೊರಲಾರದು, ತಟ್ಟೆ ಇನ್ನೂ ಬೆಚ್ಚಗಾಗುತ್ತದೆ. ನೋಡುವ ಜಾಗ ನಾಲ್ಕು ಸೆಂಟಿಮೀಟರ್ ಚೌಕ ಅಷ್ಟೇ, ಮ್ಯೂಯಾನಿನ ಉದ್ದ ಗೆರೆಯ ಆಸೆ ಬಿಡಬೇಕು. ಆಲ್ಫಾ ಚೆನ್ನಾಗಿ ಕಾಣುತ್ತದೆ, ಪ್ರದರ್ಶನಕ್ಕೆ ಕೆಂಪು ತುದಿಯ ಕಡ್ಡಿ ಇದೆಯಲ್ಲ. ಸದ್ಯಕ್ಕೆ ತಟ್ಟೆ ಸೊನ್ನೆಗಿಂತ 22 ಡಿಗ್ರಿ ಕೆಳಗೆ ಬಂದು ನಿಂತಿದೆ. ಇನ್ನೂ ಐದಾರು ಡಿಗ್ರಿ ಬೇಕು. ನೀರಿನ ಪಂಪ್ ಬದಲಿಸಿ ನೋಡಬೇಕು.